ಫ್ರಿಜ್ ಬಾಗಿಲಿನ ವಾಗ್ದಾನ

ಭೂಮಿಯ ಮೇಲೆ ಅತಿ ಹೆಚ್ಚು ದೇವರ ವಾಕ್ಯಗಳಿರುವ ಮನೆ ನಮ್ಮದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಕೊಚ್ಚಿಕೊಳ್ಳಲು ನನ್ನ ಬಳಿ ಬೇರೆ ವಿಷಯಗಳು ಗಾಡಿಗಟ್ಟಲೆ ಇವೆ. ನಾನು ನಲ್ಲಿ, ಪೈಪು ರಿಪೇರಿ ಮಾಡುವವನು. ನಾನು ಬಿಗಿ ಮಾಡಿದ ನಲ್ಲಿಯನ್ನು ಬಿಚ್ಚಬೇಕಾದರೆ ಇಬ್ಬರು ಪೈಲ್ವಾನರು ಬೇಕು, ಅದರಲ್ಲಿ ಒಬ್ಬನಿಗೆ ಸೊಂಟ ಉಳುಕುವುದು ಗ್ಯಾರಂಟಿ. ಅದಿರಲಿ, ವಾಕ್ಯಗಳಿಗೆ ಬರೋಣ. ನಮ್ಮ ಗೋಡೆಯ ಮೇಲೆ ಸೊಳ್ಳೆಗೂ ಖಾಲಿ ಜಾಗ ಸಿಗುವುದಿಲ್ಲ. ಕೂತರೆ ವಾಕ್ಯದ ಮೇಲೇ ಕೂರಬೇಕು. ಹೊಡೆಯಲು ಹೋದರೆ ಅತ್ತೆ ಕೈ ಹಿಡಿಯುತ್ತಾರೆ.

ಎಲ್ಲ ಅತ್ತೆ ಅಂಟಿಸಿದವು. ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ, ದೊಡ್ಡವನಾಗಬೇಕೆಂದರೆ ಮೊದಲು ಆಳಾಗಬೇಕು ಎಂಬರ್ಥದ ಮಾತು. ಅದು ತೊಳೆಯುವವರಿಗೆ ಕಣ್ಣಿಗೆ ರಾಚುತ್ತದೆ, ಅತ್ತೆ ಕೂರುವ ಕುರ್ಚಿಯಿಂದ ಮಾತ್ರ ಕಾಣುವುದಿಲ್ಲ. ಬಚ್ಚಲಿನಲ್ಲಿ ಶುದ್ಧಿಯ ಬಗ್ಗೆ, ಸಕ್ಕರೆ ಡಬ್ಬಿಯ ಮೇಲೆ ಆಸೆಬುರುಕತನದ ಬಗ್ಗೆ. ನನ್ನ ಮಗಳ ಕೋಣೆಯ ಬಾಗಿಲಿಗೆ, ಹೆತ್ತವರ ಮಾತು ಕೇಳು ಎಂಬುದು. ನನ್ನ ಮಗಳನ್ನು ಮನೆಯಲ್ಲಿ ಮೆಣಸಿನಕಾಯಿ ಎನ್ನುತ್ತೇವೆ. ಅವಳು ಸುಮ್ಮನಿರುವ ಜಾತಿಯಲ್ಲ. ಅದೇ ಪುಟದಲ್ಲಿ ನಾಲ್ಕು ಗೆರೆ ಕೆಳಗೆ, ಮಕ್ಕಳಿಗೆ ಸಿಟ್ಟು ಬರಿಸಬೇಡಿ ಎಂದು ಅಪ್ಪಂದಿರಿಗೆ ಹೇಳಿರುವುದನ್ನು ಬರೆದು ಅದರ ಕೆಳಗೇ ಅಂಟಿಸಿದಳು.

"ಇದು ಎಲ್ಲಿಂದ ಬಂತು?" ಎಂದರು ಅತ್ತೆ.

"ನಿಮ್ದು ಬಂದ ಕಡೆಯಿಂದಾನೇ, ಅಜ್ಜಿ."

"ಅದೆಲ್ಲ ಅಷ್ಟು ಮುಖ್ಯ ಅಲ್ಲ, ಕಿತ್ತು ಹಾಕು."

ನಮ್ಮ ಮನೆಯಲ್ಲಿ ವಾಕ್ಯ ಇದ್ದದ್ದು ಹೀಗೆ, ದೋಸೆ ಮಗುಚುವ ಸೌಟಿನ ಹಾಗೆ. ಬೇಕಾದಾಗ ಕೈಗೆ, ಕೆಲಸ ಮುಗಿದ ಮೇಲೆ ಗೂಟಕ್ಕೆ.

ಆದರೆ ಮಾವ ಬೇರೆ. ಮಾವ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವರ ಹೊಲಿಗೆ ಯಂತ್ರ. ಭಾನುವಾರ ಚರ್ಚಿನಲ್ಲಿ ಸತ್ಯವೇದದ ಪಾಠ ಓದುವವರೂ ಅವರೇ. ಪಾಸ್ಟರ್‌ಗಳು ಬಂದರು, ಹೋದರು. ಬೆಂಚುಗಳ ಬಣ್ಣ ಬದಲಾಯಿತು. ಓದುವ ದನಿ ಬದಲಾಗಲಿಲ್ಲ. ಆ ದನಿಯೋ, ಚರ್ಚಿನ ಗಂಟೆ ನಾಚಿ ಬಾಯಿ ಮುಚ್ಚಿಕೊಳ್ಳುವಂಥದು. ಮಾವ "ಬೆಳಕಾಯಿತು" ಎಂದು ಓದಿದಾಗ ಜನ ಕಣ್ಣು ಕಿರಿದು ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಗಲಾಟೆ ಶುರುವಾದದ್ದು ನನ್ನ ಪ್ಯಾಂಟಿನಿಂದ. ಹರಿದ ಪ್ಯಾಂಟನ್ನು ಮಾವನಿಗೆ ಕೊಟ್ಟಿದ್ದೆ. ಮರುದಿನ ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋಗಿ, ಸ್ಪ್ಯಾನರ್ ಇಡಲು ಜೇಬಿಗೆ ಕೈ ಹಾಕಿದರೆ ಜೇಬಿಗೆ ಬಾಯೇ ಇಲ್ಲ! ಎರಡೂ ಜೇಬು ಹೊಲಿದುಬಿಟ್ಟಿದ್ದರು. ಹರಿದ ಜಾಗ ಕಿಟಕಿಯಂತೆ ಹಾಗೇ ತೆರೆದಿತ್ತು. ಆ ವಾರವೇ ಎದುರು ಮನೆಯ ಟೀಚರಮ್ಮ ತಮ್ಮ ರವಿಕೆ ತಂದು ಮೇಜಿನ ಮೇಲೆ ಹರಡಿದರು. ಒಂದು ತೋಳು ಕೆಂಪು ದಾರದ್ದು, ಇನ್ನೊಂದು ಹಸಿರು ದಾರದ್ದು.

ನನ್ನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಬಟ್ಟೆಯ ಮೇಲಿನ ಕಲೆ ನೋಡಿಯೇ ರೋಗಿ ಬದುಕುತ್ತಾನೋ ಇಲ್ಲವೋ ಹೇಳುವವಳು. ಅವಳು ಅಪ್ಪನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಗಲ್ಲ ಹಿಡಿದು ನೋಡಿದಳು.

"ಅಪ್ಪಾ, ಕಣ್ಣಲ್ಲಿ ಪೊರೆ ಬಂದಿದೆ. ಹಾಲಿನ ಕೆನೆ ಕಟ್ಟಿದ ಹಾಗಿದೆ."

"ಕೆನೆ ಒಳ್ಳೇದೇ ಅಲ್ವೇನಮ್ಮಾ," ಎಂದರು ಮಾವ.

ಅವಳು ಬಿಡಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಂದು ರಾತ್ರಿ ಊಟಕ್ಕೆ ಕೂತಾಗ ವಿಷಯ ಬಡಿಸಿದಳು. ಎರಡೂ ಕಣ್ಣಿನ ಪೊರೆ ಬಲಿತಿದೆ. ಎಡಗಣ್ಣಿನಲ್ಲಿ ಒತ್ತಡವೂ ಏರುತ್ತಿದೆ. ಬೇಗ ಆಪರೇಷನ್ ಆಗಬೇಕು. ಇಲ್ಲದಿದ್ದರೆ ಆ ಕಣ್ಣಿನ ದೃಷ್ಟಿ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಅತ್ತೆ ಸೂಪಿನ ಪಾತ್ರೆ ಕೆಳಗಿಟ್ಟು ಫ್ರಿಜ್ಜಿನ ಕಡೆ ಬೆರಳು ತೋರಿಸಿದರು. "ಅಲ್ಲಿರೋದು ಏನು?"

ಅಲ್ಲಿದ್ದದ್ದು ಮಾವನ ವಾಗ್ದಾನದ ಚೀಟಿ. ನಮ್ಮ ಚರ್ಚಿನಲ್ಲಿ ವರ್ಷದ ಮೊದಲ ಆರಾಧನೆಯ ದಿನ ಒಂದು ಡಬ್ಬಿ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಕೈ ಹಾಕಿ ಒಂದು ಚೀಟಿ ತೆಗೆಯಬೇಕು. ಅದರಲ್ಲಿರುವ ವಾಕ್ಯ ಆ ವರ್ಷಕ್ಕೆ ದೇವರು ನಿಮಗೇ ಕೊಟ್ಟ ಮಾತು. ಈ ವರ್ಷ ಮಾವ ಚೀಟಿ ತೆಗೆದು, "ನೀನೇ ಓದು, ನಿನ್ನ ಬಾಯಲ್ಲಿ ಕೇಳೋಕೆ ಚೆನ್ನ," ಎಂದು ಅತ್ತೆಯ ಕೈಗೆ ಕೊಟ್ಟಿದ್ದರು. ಅತ್ತೆ ಹೊಸ ಮದುವಣಗಿತ್ತಿಯ ಹಾಗೆ ಕೆಂಪಾಗಿದ್ದರು. ಚೀಟಿಯಲ್ಲಿ ಸೂರ್ಯೋದಯ, ಒಂದು ಗುಲಾಬಿ, ನಡುವೆ ದಪ್ಪಕ್ಷರದಲ್ಲಿ ಒಂದೇ ಮಾತು: ನೀನು ಕಣ್ಣಾರೆ ನೋಡುವೆ. ಅದರ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣದಾಗಿ ಅಧ್ಯಾಯ, ವಚನ.

"ದೇವರೇ ನೋಡ್ತೀಯಾ ಅಂದ ಮೇಲೆ ಡಾಕ್ಟರ್ ಯಾಕೆ?" ಎಂದರು ಅತ್ತೆ.

"ಅಮ್ಮಾ, ಹೋದ ವರ್ಷ ನಿಮ್ಮ ಚೀಟೀಲಿ ಹದ್ದಿನ ಹಾಗೆ ಹಾರ್ತೀಯಾ ಅಂತಿತ್ತು. ಆದ್ರೂ ಮಂಡಿನೋವಿಗೆ ಮಾತ್ರೆ ತಗೊಂಡ್ರಿ."

"ಮಂಡಿ ಬೇರೆ, ರೆಕ್ಕೆ ಬೇರೆ. ನನಗೆ ಬುದ್ಧಿ ಹೇಳಬೇಡ."

"ಅಪ್ಪಾ, ನೀವೇ ಹೇಳಿ."

ಮಾವ ತಟ್ಟೆಯಲ್ಲಿ ಆಲೂಗಡ್ಡೆ ಹುಡುಕುತ್ತಿದ್ದರು. ಅದು ಕೈಗೆ ಸಿಗದೆ ತಟ್ಟೆಯ ತುಂಬ ಓಡಾಡುತ್ತಿತ್ತು. "ನಿಮ್ಮಮ್ಮ ಹೇಳಿದ ಮೇಲೆ ಇನ್ನೇನಿದೆ. ವಾಗ್ದಾನ ವಾಗ್ದಾನವೇ," ಎಂದರು. ಅವರ ಮುಖದಲ್ಲಿ, ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ಕೇಳಿದ ಹುಡುಗನ ನೆಮ್ಮದಿಯಿತ್ತು.

ಹೆಂಡತಿ ಎದ್ದು ತೊಟ್ಟಿಗೆ ತಟ್ಟೆ ಎಸೆದಳು. ಆ ಸದ್ದಿಗೆ ಮೂರು ಬೀದಿ ಆಚೆ ಕಾಯುತ್ತಿದ್ದ ಹಾಲು ಒಡೆಯಿತು.

ಅದರ ಮುಂದಿನ ವಾರ ಪಾಸ್ಟರ್ ಟೀ ಕುಡಿಯಲು ಬಂದರು. ಒಳ್ಳೆಯ ಮನುಷ್ಯ. ಕಾಯಿಲೆ ಬಿದ್ದವರ ಮನೆಗೆ ಅಕ್ಕಿ ಮೂಟೆಯನ್ನು ತಾವೇ ಹೊತ್ತುಕೊಂಡು ಹೋಗುವವರು. ಒಂದೇ ದೋಷವೆಂದರೆ ಕಾಲದ ಜೊತೆ ಓಡುವ ಚಟ. ಓಡಿ ಓಡಿ ಕಾಲವನ್ನೇ ಹಿಂದೆ ಹಾಕಿಬಿಟ್ಟಿದ್ದರು. ಚರ್ಚಿನಲ್ಲಿ ಅವರ ಉಪದೇಶಕ್ಕೆ ಒಂದು ಸಾಲು ಸಿಕ್ಕರೆ ಸಾಕು, ಮಿಕ್ಕದ್ದು ಅವರ ಕಾರು, ಅವರ ನಾಯಿ, ವಿಮಾನದಲ್ಲಿ ಅವರ ಪಕ್ಕ ಕೂತಿದ್ದವನ ಕಥೆ.

"ಹಿರಿಯರೇ," ಎಂದರು ಬಿಸ್ಕತ್ತು ಅದ್ದುತ್ತಾ, "ಒಂದು ದೊಡ್ಡ ಪರದೆ ಬರ್ತಾ ಇದೆ. ಪಾಠದ ಬದಲು ಅದರ ಮೇಲೆ ಒಂದು ವಾಕ್ಯ, ಹಿಂದೆ ಮೆಲ್ಲಗೆ ಸಂಗೀತ. ಹತ್ತು ನಿಮಿಷ ಉಳಿಯುತ್ತೆ. ಜನಕ್ಕೆ ಉದ್ದ ಓದು ಕೇಳೋ ತಾಳ್ಮೆ ಇಲ್ಲ."

ಮಾವ ಕಪ್ಪನ್ನು ಅದರ ತಟ್ಟೆ ಬಿಟ್ಟು ಪಕ್ಕಕ್ಕೆ, ಮೇಜಿನ ಮೇಲೆ ಇಟ್ಟರು. ತಟ್ಟೆ ಎಲ್ಲಿದೆ ಎಂದು ಅವರಿಗೆ ಕಾಣಲಿಲ್ಲ. "ನಾನು ನಿಂತು ಓದೋ ತನಕ?"

"ನೀವು ಓದೋ ತನಕ ಯಾರು ಬೇಡ ಅಂತಾರೆ? ನೀವು ಬಿಟ್ಟ ದಿನ ಪರದೆ ಹಾಕ್ತೀವಿ, ಅಷ್ಟೇ."

ಪಾಸ್ಟರ್ ಹೋದ ಮೇಲೆ ಮಾವ ಬಹಳ ಹೊತ್ತು ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ತಿರುಗಿಸುತ್ತಾ ಕೂತಿದ್ದರು. ಆಪರೇಷನ್ ಆದರೆ ಕೆಲವು ಭಾನುವಾರ ಮನೆಯಲ್ಲೇ ಇರಬೇಕು. ಒಂದು ಭಾನುವಾರ ತಪ್ಪಿದರೂ ಪಾಠ ಮುಗಿದಂತೆ. ಅಷ್ಟು ಲೆಕ್ಕ ನನ್ನಂಥ ಮಹಾಬುದ್ಧಿವಂತನಿಗೆ ತಕ್ಷಣ ಹೊಳೆಯಿತು.

ಆ ಭಾನುವಾರ ನಾನು ಎಂದಿನಂತೆ ವೇದಿಕೆಯ ಪಕ್ಕದಲ್ಲಿ ಮೈಕಿನ ಪೆಟ್ಟಿಗೆಯ ಹತ್ತಿರ ಕೂತಿದ್ದೆ. ಮೈಕು ನನ್ನ ಜವಾಬ್ದಾರಿ. ನಾನಿಲ್ಲದಿದ್ದರೆ ದೇವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಮಾವ ಬಂದು, ಓದುವ ಪೀಠದ ಮೇಲಿದ್ದ ದೊಡ್ಡ ಸತ್ಯವೇದವನ್ನು ಗಂಭೀರವಾಗಿ ತೆರೆದರು. ಕನ್ನಡಕ ಏರಿಸಿದರು. ಓದತೊಡಗಿದರು. ಪುಟದ ಕೊನೆಗೆ ಬಂದಾಗ ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸಿದರು. ನಾನು ಕತ್ತು ಚಾಚಿ ನೋಡಿದೆ. ಪುಸ್ತಕ ತಲೆಕೆಳಗಾಗಿತ್ತು!

ಎದುರಿಗಿದ್ದ ಅಷ್ಟು ಜನರಲ್ಲಿ ಒಬ್ಬರ ಹುಬ್ಬೂ ಅಲುಗಲಿಲ್ಲ. ಒಬ್ಬರ ಮಡಿಲಲ್ಲೂ ಪುಸ್ತಕ ತೆರೆದಿರಲಿಲ್ಲ. ಮುಂದಿನ ಬೆಂಚಿನ ಬೇಕರಿಯವರು ಕಣ್ಣು ಮುಚ್ಚಿಕೊಂಡೇ "ಆಮೆನ್" ಎಂದರು. ಅದು ಅವರ ನಿದ್ದೆಯ ಗೊರಕೆಯೋ ಆಮೆನ್ನೋ ಎಂಬುದು ಸಂಶೋಧನೆಗೆ ಬಿಟ್ಟ ವಿಷಯ.

ಆರಾಧನೆ ಮುಗಿದು ಹೊರಗೆ ಬಂದಾಗ ಮಾವನ ಕಿವಿಯಲ್ಲಿ ಹೇಳಿದೆ, "ಮಾವ, ಪುಸ್ತಕ ತಲೆಕೆಳಗಿತ್ತು."

"ನಾನು ನೆಟ್ಟಗಿದ್ನಲ್ಲ, ಅಳಿಯಂದ್ರೇ."

"ಹಾಗಾದ್ರೆ ಓದಿದ್ದು?"

"ತಲೇಲಿ ಇದೆ. ಚಿಕ್ಕಂದಿನಿಂದ ಓದಿದ್ದು ಎಲ್ಲಿಗೆ ಹೋಗುತ್ತೆ? ಯಾರಿಗೂ ಹೇಳಬೇಡಿ, ನಿಮ್ಮ ಕೈ ಹಿಡ್ಕೋತೀನಿ."

ಕೈ ಹಿಡಿಯಲು ಹೋಗಿ ಅವರು ಹಿಡಿದದ್ದು ಪಕ್ಕದಲ್ಲಿದ್ದವರ ಛತ್ರಿಯನ್ನು. ನಾನು ಆಣೆ ಮಾಡಿದೆ. ನನ್ನ ಹೊಟ್ಟೆಯಲ್ಲಿ ಗುಟ್ಟು ಎಷ್ಟು ಭದ್ರವೆಂದರೆ, ಮನೆಗೆ ಬಂದು ಚಪ್ಪಲಿ ಬಿಡುವ ತನಕ ಹಾಗೇ ಇತ್ತು. ಆಮೇಲೆ ಹೆಂಡತಿಗೆ ಹೇಳಿದೆ.

ಅವಳು ಕೂಗಾಡಲಿಲ್ಲ. ಒಗೆದ ಬೆಡ್‌ಶೀಟು ಮಡಚುವಂತೆ ಯೋಚನೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಮುಂದಿನ ಭಾನುವಾರ ಮಗಳ ಕೈಗೆ ಪುಸ್ತಕ ಕೊಟ್ಟು, "ತಾತ ಓದೋದನ್ನ ಒಂದೊಂದು ಸಾಲು ಬೆರಳಿಟ್ಟು ನೋಡು. ಎಲ್ಲಿ ತಪ್ಪಾಗುತ್ತೆ ಹೇಳು," ಎಂದಳು.

"ಯಾಕೆ?"

"ಹೆತ್ತವರ ಮಾತು ಕೇಳು ಅಂತ ನಿನ್ನ ಬಾಗಿಲ ಮೇಲೆ ಬರ್ದಿದೆಯಲ್ಲ."

"ನೀವೂ ಶುರು ಹಚ್ಕೊಂಡ್ರಾ, ಅಮ್ಮ?"

ಅಂದಿನ ಪಾಠ, ದೋಣಿ ಕಟ್ಟಿ ಪ್ರಾಣಿಗಳನ್ನೆಲ್ಲ ತುಂಬಿಕೊಂಡ ಮುದುಕನದು. ಮಾವ ಚೆನ್ನಾಗಿಯೇ ಹೊರಟರು. ಮಳೆ ಬಂತು. ನೀರು ಏರಿತು. ದೋಣಿ ತೇಲಿತು. ಅಲ್ಲಿಂದ ಮುಂದೆ ಅದೇನಾಯಿತೋ, ಬಿರುಗಾಳಿ ಎದ್ದಿತು, ನಾವಿಕರು ಚೀಟಿ ಹಾಕಿದರು, ಮುದುಕನನ್ನು ಎತ್ತಿ ಸಮುದ್ರಕ್ಕೆ ಎಸೆದರು, ಒಂದು ದೊಡ್ಡ ಮೀನು ಬಂದು ನುಂಗಿತು! ಪಾಪ, ಆನೆ, ಜಿರಾಫೆ, ಪಾರಿವಾಳಗಳನ್ನೆಲ್ಲ ದೋಣಿಯಲ್ಲೇ ಅನಾಥ ಮಾಡಿ ಮಾವ "ಇದು ದೇವರ ವಾಕ್ಯ" ಎಂದು ಮುಗಿಸಿದರು. ಸಭೆ ಒಕ್ಕೊರಲಿನಿಂದ "ಸ್ತೋತ್ರ" ಎಂದಿತು. ಪಾಸ್ಟರ್ ಫೋನಿನಿಂದ ತಲೆಯೆತ್ತಿ, "ಎಂಥ ಆಶೀರ್ವಾದದ ಭಾಗ!" ಎಂದು ತಮ್ಮ ಕಾರಿನ ಕಥೆಗೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತೆವು. ಹುರಿದ ಮೀನಿತ್ತು. ಮೆಣಸಿನಕಾಯಿ ಮೀನನ್ನು ತಿರುಗಿಸಿ ನೋಡಿ ಕೇಳಿದಳು, "ತಾತ, ಆ ದೋಣಿ ಮುದುಕ ಮೀನಿನ ಹೊಟ್ಟೆಗೆ ಯಾವಾಗ ಹೋದ?"

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಹೋದ್ರೆ ಏನೀಗ?" ಎಂದರು ಅತ್ತೆ. "ಎಲ್ಲಾ ದೇವರ ವಾಕ್ಯವೇ. ಅಲ್ಲಿದ್ರೂ ಒಂದೇ, ಇಲ್ಲಿದ್ರೂ ಒಂದೇ."

"ಒಂದೇ ಹೇಗಾಗುತ್ತೆ, ಅಜ್ಜಿ? ದೋಣಿಯವನು ಬೇರೆ, ಮೀನಿನ ಹೊಟ್ಟೆಯವನು ಬೇರೆ ಕಥೆಯವನು!"

"ಅಮ್ಮಾ," ಎಂದಳು ಹೆಂಡತಿ, "ಅಪ್ಪನಿಗೆ ಅಕ್ಷರ ಕಾಣಿಸ್ತಾ ಇಲ್ಲ. ಪುಸ್ತಕ ತಲೆಕೆಳಗೆ ಇಟ್ಕೊಂಡು ಓದಿದ್ದಾರೆ. ಇವರು ನೋಡಿದ್ದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೀನಿನ ಮುಳ್ಳಿನ ಬಗ್ಗೆ ಆಳವಾದ ಆಸಕ್ತಿ ತೋರಿಸಿದೆ.

ಮಾವ ತುತ್ತು ಕೆಳಗಿಟ್ಟರು. "ಇಡೀ ಪುಸ್ತಕ ತಲೇಲಿದೆ, ಆದ್ರೂ ಮೊದಲ ಸಲ ನಿಜವಾಗ್ಲೂ ಮರೆತೆ," ಎಂದರು. "ಒಂದು ಮಾತು ಹಿಂದೆ ಮುಂದೆ ಆಯ್ತು. ಯಾರಾದ್ರೂ ನಿಲ್ಲಿಸ್ತಾರೆ ಅಂತ ಎದೆ ಡವಡವ ಅಂತಿತ್ತು. ಯಾರೂ ನಿಲ್ಲಿಸ್ಲಿಲ್ಲ. ಆಮೇಲೆ ಬೇಕು ಅಂತಾನೇ ಕಲೆಸಿದೆ, ಸ್ವಲ್ಪ ಸ್ವಲ್ಪ. ಇವತ್ತು ಇಡೀ ಮನುಷ್ಯನ್ನೇ ಮೀನಿಗೆ ಹಾಕ್ದೆ. ಆದ್ರೂ ಆಮೆನ್ ಅಂದ್ರು. ಯಾರೂ ಕೇಳದೇ ಇದ್ರೆ ನಾನು ಯಾರಿಗೆ ಓದ್ತಾ ಇದ್ದೆ ಇಷ್ಟು ವರ್ಷ?"

ಅತ್ತೆ ನೀರಿನ ಲೋಟವನ್ನು ಅವರ ಕೈಗೆ ತಾಗುವ ಹಾಗೆ ಸರಿಸಿದರು. "ಆಯ್ತು ಬಿಡಿ. ವಾಗ್ದಾನ ಇದೆಯಲ್ಲ, ಕಣ್ಣು ಬರುತ್ತೆ," ಎಂದರು, ಎಂದಿಗಿಂತ ಮೆಲ್ಲಗೆ.

ಮೆಣಸಿನಕಾಯಿಗೆ ಅಷ್ಟರಲ್ಲಿ ಬೆರಳಿಟ್ಟು ನೋಡುವ ರುಚಿ ಹತ್ತಿತ್ತು. ಎದ್ದು ಹೋಗಿ ಫ್ರಿಜ್ಜಿನ ಚೀಟಿಯಲ್ಲಿದ್ದ ಇರುವೆಕಾಲಿನ ಅಕ್ಷರ ಓದಿ, ಪುಸ್ತಕ ತಂದು ಪುಟ ಹುಡುಕತೊಡಗಿದಳು. ಮಾವ ಗಾಬರಿಯಾದರು.

"ಊಟ ಮಾಡುವಾಗ ಪುಸ್ತಕ ಬೇಡಮ್ಮ."

"ಸಿಕ್ತು, ತಾತ. ಇದು... ಅಜ್ಜಿ, ಇದು ಕಣ್ಣು ಕಾಣದೋರಿಗೆ ಹೇಳಿದ್ದೇ ಅಲ್ಲ! ಊರಿಗೆ ಮುತ್ತಿಗೆ ಹಾಕಿರ್ತಾರೆ, ತಿನ್ನೋಕೆ ಏನೂ ಇರಲ್ಲ. ನಾಳೆ ಧಾನ್ಯ ಬೇಕಾದಷ್ಟು ಸಿಗುತ್ತೆ ಅಂತ ಪ್ರವಾದಿ ಹೇಳ್ತಾನೆ. ಅರಸನ ಅಧಿಕಾರಿ ಒಬ್ಬ ಅದನ್ನ ಕೇಳಿ ನಗ್ತಾನೆ. ಅವನಿಗೆ ಹೇಳಿದ್ದು ಇದು: ನೀನು ಕಣ್ಣಾರೆ ನೋಡ್ತೀಯಾ, ಆದ್ರೆ ತಿನ್ನಲ್ಲ ಅಂತ!"

"ಆಮೇಲೆ?" ಎಂದರು ಅತ್ತೆ.

"ಮಾರನೇ ದಿನ ಧಾನ್ಯಕ್ಕೆ ಜನ ನುಗ್ತಾರೆ. ಅವನು ಊರ ಬಾಗಿಲಲ್ಲಿ ತುಳಿತಕ್ಕೆ ಸಿಕ್ಕಿ ಸತ್ತೇ ಹೋಗ್ತಾನೆ."

ಅತ್ತೆ ಫ್ರಿಜ್ಜನ್ನು ನೋಡಿದರು. ಗುಲಾಬಿ, ಸೂರ್ಯೋದಯ. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಇಡೀ ಪುಸ್ತಕ ತಲೇಲಿದೆ ಅಂದ್ರಲ್ಲ. ಇದೂ ಇತ್ತಾ?"

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ಇತ್ತಾ, ಇಲ್ವಾ?"

"ಇತ್ತು."

"ತುಳಿತಕ್ಕೆ ಸಿಕ್ಕಿ ಸತ್ತವನ ಮಾತನ್ನ ನನ್ನ ಕೈಯಾರೆ ನಮ್ಮ ಫ್ರಿಜ್ಜಿಗೆ ಅಂಟಿಸೋಕೆ ಬಿಟ್ರಾ? ದಿನಾ ಮೊಸರು ತೆಗೆಯುವಾಗ ಅದಕ್ಕೆ ಕೈ ಮುಗಿದಿದ್ದೀನಲ್ರೀ!"

"ಹೆದ್ರಿಕೆ ಆಗಿತ್ತು ಕಣೇ," ಎಂದರು ಮಾವ. "ಕಣ್ಣಿಗೆ ಸೂಜಿ ಚುಚ್ತಾರಂತೆ. ಸೂಜಿ ಏನು ಮಾಡುತ್ತೆ ಅಂತ ನನಗಿಂತ ಯಾರಿಗೆ ಗೊತ್ತು? ನೀನು ಆ ಚೀಟಿ ಹಿಡ್ಕೊಂಡು ಬೇಡ ಅಂದೆ. ಸದ್ಯ ಅನ್ನಿಸ್ತು. ಪಾಠವೂ ಉಳಿಯುತ್ತೆ, ಸೂಜಿಯೂ ತಪ್ಪುತ್ತೆ ಅಂತ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟರು. ಅತ್ತೆ ಮಾತು ಬಿಟ್ಟರೆ ಅದು ಬರಗಾಲವಿದ್ದ ಹಾಗೆ, ಹಕ್ಕಿಗಳು ನಮ್ಮ ಮಾಡಿನ ಮೇಲೆ ಕೂರುವುದಿಲ್ಲ. ಬೀನ್ಸು ಸೀದಿತು, ಬ್ರೆಡ್ಡು ಕರಕಾಯಿತು, ಸೂಪಿಗೆ ಉಪ್ಪು ಎರಡು ಸಲ ಬಿತ್ತು, ಮರುದಿನ ಒಂದು ಸಲವೂ ಬೀಳಲಿಲ್ಲ. ಹಾಗಿದ್ದೂ ಮಾವನ ತಟ್ಟೆಯಲ್ಲಿ ಮಾತ್ರ ಆಲೂಗಡ್ಡೆ ಮೊದಲೇ ಹೆಚ್ಚಿರುತ್ತಿತ್ತು, ಚಮಚ ಕೈಗೆ ಸಿಗುವ ಕಡೆಗೇ ಇರುತ್ತಿತ್ತು.

ಸಂಜೆಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅತ್ತೆ ಸ್ಟೂಲು ಹತ್ತಿ ಗೋಡೆಯ ವಾಕ್ಯ ಒಂದೊಂದನ್ನೇ ತೋರಿಸುವುದು, ಮೊಮ್ಮಗಳು ಪುಸ್ತಕದಲ್ಲಿ ಹುಡುಕುವುದು.

"ಇದನ್ನ ಯಾರಿಗೆ ಹೇಳಿದ್ದು? ಮೇಲಿನಿಂದ ಓದು."

ಮೆಣಸಿನಕಾಯಿ ಓದುವಳು. ಅತ್ತೆ ಕೇಳಿ ಕೆಲವನ್ನು ಕಿತ್ತರು, ಕೆಲವನ್ನು ಇರಲಿ ಎಂದರು. ತೊಟ್ಟಿಯ ಮೇಲಿನದನ್ನು ಪೂರ್ತಿ ಕೇಳಿದರು. ಅದನ್ನು ಕಿತ್ತು ತಮ್ಮ ಕುರ್ಚಿಯ ಎದುರಿಗೆ ಅಂಟಿಸಿ, ಅಂದು ತಾವೇ ಪಾತ್ರೆ ತೊಳೆದರು. ನನ್ನಾಣೆಗೂ ಸತ್ಯ. ಆ ಆಘಾತಕ್ಕೆ ನನಗೆ ಎರಡು ದಿನ ಹಸಿವಾಗಲಿಲ್ಲ.

ಶನಿವಾರ ಅತ್ತೆ ಚೀಟಿ ಹಿಡಿದು ಪಾಸ್ಟರ್ ಮನೆಗೆ ದಂಡಯಾತ್ರೆ ಹೊರಟರು. ಮೈಕಿನ ವಿಷಯವಿರಬಹುದೆಂದು ನೆಪ ಹೇಳಿ ನಾನೂ ಬೆನ್ನು ಹತ್ತಿದೆ.

"ಈ ಚೀಟಿ ಯಾರು ಬರೆದದ್ದು, ಪಾಸ್ಟರ್?"

"ಅಂಗಡೀಲಿ ಕಟ್ಟುಗಟ್ಟಲೆ ಸಿಗುತ್ತಮ್ಮ. ತಂದು ಡಬ್ಬಿಗೆ ಹಾಕ್ತೀವಿ."

"ನೀವು ಓದಿ ನೋಡಿದ್ರಾ?"

ಪಾಸ್ಟರ್ ಚೀಟಿ ನೋಡಿದರು. ಅತ್ತೆ ಅವರದೇ ಮೇಜಿನ ಮೇಲಿದ್ದ ಪುಸ್ತಕವನ್ನು ಅವರ ಮುಂದೆ ತಳ್ಳಿದರು. ಅವರು ಓದಿದರು. ತುಳಿತದ ಜಾಗಕ್ಕೆ ಬಂದಾಗ ಕಿವಿ ಟೊಮ್ಯಾಟೊ ಆಯಿತು. ಮನುಷ್ಯ ಒಳ್ಳೆಯವರು, ನೆಪ ಹುಡುಕಲಿಲ್ಲ. "ನೋಡಿರ್ಲಿಲ್ಲಮ್ಮ. ತಪ್ಪಾಯ್ತು," ಎಂದರು.

"ನಾನೂ ನೋಡಿರ್ಲಿಲ್ಲ. ಅದಕ್ಕೇ ನಿಮ್ಮನ್ನ ಬೈಯೋಕೆ ಆಗ್ತಾ ಇಲ್ಲ, ಅದೇ ನನ್ನ ಸಂಕಟ," ಎಂದರು ಅತ್ತೆ. "ನಮ್ಮ ಮನೆಯವರಿಗೆ ಆಪರೇಷನ್ ಮಾಡಿಸ್ತೀವಿ. ಅವರು ಏಳೋ ತನಕ ಪರದೆ ಬೇಡ."

"ಮತ್ತೆ ಪಾಠ ಯಾರು ಓದ್ತಾರೆ?"

"ನಾನು."

ಮನೆಗೆ ಬಂದವರೇ ಗಂಡನ ಎದುರಿಗೆ ನಿಂತರು. ವಾರದ ಬರಗಾಲ ಮುಗಿದು ಒಂದೇ ಸಲ ಸುರಿಯಿತು. "ಸೋಮವಾರ ಕಣ್ಣು ಕೊಯ್ಯಿಸ್ಕೋತೀರಿ. ಪಾಠ ಎಲ್ಲಿಗೂ ಹೋಗಲ್ಲ, ನಾನು ಓದ್ತೀನಿ. ಹೆದ್ರಿಕೆ ಆದ್ರೆ ನನ್ನ ಕೈ ಹಿಡ್ಕೊಳ್ಳಿ. ವಾಕ್ಯದ ಹಿಂದೆ ಅಡಗಿಕೊಂಡ್ರೆ ನೋಡಿ!"

"ನೀನು ಓದ್ತೀಯಾ?" ಮಾವನ ಬಾಯಿ ತೆರೆದೇ ಇತ್ತು. "ಅಷ್ಟು ಜನರ ಮುಂದೆ?"

"ಯಾಕೆ, ಜನ ಎದ್ದಿರ್ತಾರಾ ಅಲ್ಲಿ?"

ಆಪರೇಷನ್ ಆಯಿತು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ ಎಂದು ಮಾವ ಈಗ ಬೀದಿಗೆಲ್ಲ ಹೇಳುತ್ತಾರೆ. ಬಾಗಿಲಾಚೆ ಕೂತಿದ್ದ ನನಗೆ ಅವರು ಕೂಗಿದ್ದು ಕೇಳಿಸಿತ್ತು, ನಾಲ್ಕನೆಯ ಮಹಡಿಯಲ್ಲಿ ಹೆರಿಗೆಯಾಗುತ್ತಿದ್ದವಳು ತನ್ನ ನೋವು ಮರೆತಳಂತೆ. ಅತ್ತೆಯ ಅಂಗೈಯಲ್ಲಿ ಉಗುರಿನ ಗುರುತು ವಾರ ಪೂರ್ತಿ ಇತ್ತು. ಕೆಲವು ದಿನ ಮನೆಯಲ್ಲೇ ಇರಿ ಎಂದು ಡಾಕ್ಟರು ಹೇಳಿದ್ದರು. ಆದರೆ ಭಾನುವಾರ ಮಾವ ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ಹೆಂಡತಿಯ ತೋಳು ಹಿಡಿದು ಚರ್ಚಿಗೆ ಬಂದೇ ಬಂದರು. "ಕಣ್ಣಿಗೆ ನೀರು ತಾಗಬಾರದು, ಅಳಬಾರದು ಅಂತ ಹೇಳಿದ್ದಾರೆ, ನೆನಪಿರ್ಲಿ," ಎಂದು ಹೆಂಡತಿ ದಾರಿಯುದ್ದಕ್ಕೂ ಗದರಿದಳು.

ಪಾಸ್ಟರ್ ಎದ್ದು, "ಇವತ್ತಿನ ಪಾಠಕ್ಕೆ ಎಲ್ಲರೂ ಪುಸ್ತಕ ತೆರೀರಿ," ಎಂದರು. ಹಾಗೆ ಅವರು ಹೇಳಿದ್ದು ಬಹುಶಃ ಅದೇ ಮೊದಲು. ಜನ ಕಕ್ಕಾಬಿಕ್ಕಿಯಾದರು. ಕೆಲವರ ಪುಸ್ತಕದ ಪುಟಗಳು ಅಂಟಿಕೊಂಡಿದ್ದವು, ಬಿಡಿಸುವಾಗ ಹಪ್ಪಳ ಮುರಿದಂತೆ ಸದ್ದಾಯಿತು. ಅತ್ತೆ ಆರಿಸಿದ್ದು ಆ ಮುತ್ತಿಗೆಯ ಅಧ್ಯಾಯವನ್ನೇ. ನಾಲ್ಕು ಸಾಲಲ್ಲ, ಇಡಿಯಾಗಿ.

ಜಗಳದಲ್ಲಿ ಗಾಳಿಗಿಂತ ಮುಂದೆ ಓಡುವ ಅತ್ತೆಯ ನಾಲಿಗೆ ಅಂದು ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಿತು. ಒಂದೊಂದು ಪದಕ್ಕೂ ಬೆರಳು. ಬೆವರು ಮೂಗಿನ ತುದಿಗೆ ಬಂದು ನಿಂತಿತು. ಅಧಿಕಾರಿ ನಕ್ಕ. ಊರ ಹೊರಗಿದ್ದ ಕುಷ್ಠರೋಗಿಗಳು ಶತ್ರುಗಳ ಪಾಳೆಯಕ್ಕೆ ಹೋಗಿ ನೋಡಿದರೆ ಒಬ್ಬರೂ ಇಲ್ಲ, ಅನ್ನ ಬಂಗಾರ ಎಲ್ಲ ಹಾಗೇ ಬಿದ್ದಿದೆ. ತಿಂದರು, ಕುಡಿದರು, ಬಚ್ಚಿಟ್ಟರು. ಅತ್ತೆಯ ಬೆರಳು ಜಾರಿ ಮುಂದಕ್ಕೆ ಹೋಯಿತು.

ಮುಂದಿನ ಬೆಂಚಿನಿಂದ ಗಂಟಲು ಸರಿಮಾಡಿದ ಸದ್ದು. ಬೇಕರಿಯವರು ಮಡಿಲಿನ ಪುಸ್ತಕದ ಮೇಲೆ ಬಗ್ಗಿ, "ಅಮ್ಮಾ, ನಿಲ್ಲಿ. ಒಂದು ಸಾಲು ಬಿಟ್ರಿ," ಎಂದರು.

"ಎಲ್ಲಿ?"

"ತಿಂದಾದ್ಮೇಲೆ. ಇಂಥ ಒಳ್ಳೇ ಸುದ್ದಿ ಇಟ್ಕೊಂಡು ನಾವು ಸುಮ್ನಿರೋದು ಸರಿಯಲ್ಲ ಅಂತ ಅವರು ಮಾತಾಡ್ಕೊಳ್ಳೋದು."

"ಹೌದು, ಹೌದು, ಬಿಟ್ಟುಹೋಯ್ತು," ಎಂದರು ಪಾಸ್ಟರ್, ತಮ್ಮ ಪುಸ್ತಕದಲ್ಲಿ ಬೆರಳಿಟ್ಟು. ಹಿಂದಿನ ಸಾಲಿನಲ್ಲಿ ಟೀಚರಮ್ಮ, "ಅದು ಎಡಗಡೆ ಪುಟದ ಕೆಳಗಿದೆ," ಎಂದರು. "ನನ್ನದರಲ್ಲಿ ಬಲಗಡೆ," ಎಂದರು ಇನ್ಯಾರೋ. ನಾಲ್ಕು ಕಡೆಯಿಂದ ಪುಟಗಳ ಸದ್ದು.

ಮಾವ ಕಪ್ಪು ಕನ್ನಡಕದ ಹಿಂದೆ ಅಲುಗದೆ ಕೂತಿದ್ದರು. ಆಮೇಲೆ ಅವರ ಭುಜ ಮೆಲ್ಲಗೆ ಕುಣಿಯಿತು, ಕನ್ನಡಕದ ಕೆಳಗಿನಿಂದ ಒಂದು ಗೆರೆ ಇಳಿದು ಗಡ್ಡಕ್ಕೆ ಬಂತು.

"ಅಳಬೇಡಿ ಅಂದಿದ್ದಾರೆ ಡಾಕ್ಟರು!" ಎಂದರು ಅತ್ತೆ. ಮೈಕು ಆನ್ ಆಗಿತ್ತು. ಗೋಡೆಗಳು ನಡುಗಿದವು. ಅವರು ಬೆರಳನ್ನು ಹಿಂದಕ್ಕೆ ತಂದು, ಬಿಟ್ಟ ಸಾಲನ್ನು ಹುಡುಕಿ, ಮತ್ತೆ ಓದಿದರು.